ಬೆಸುಗೆ ಹಾಕಿದ ಕಾಲುಂಗುರ

ಗುರುಶಾಂತವ್ವ ಎದುರಿಗೆ ಬಂದರೆ ಊರಿನ ಮುತ್ತೈದೆಯರು ಸೀರೆಯ ನೆರಿಗೆಯನ್ನು ತುಸು ಕೆಳಕ್ಕೆ ಜಗ್ಗಿ ಕಾಲ್ಬೆರಳು ಮುಚ್ಚಿಕೊಳ್ಳುತ್ತಿದ್ದರು. ಯಾರೂ ಹೇಳಿಕೊಟ್ಟು ಮಾಡುತ್ತಿದ್ದುದಲ್ಲ, ಕೈ ತಾನಾಗಿಯೇ ಹೋಗುತ್ತಿತ್ತು. ಬಾಯಿ ಮಾತ್ರ "ಆರಾಮ ಅದೀರಿಲ್ಲೊ ಯಕ್ಕಾ? ಬರ್ರಿ, ಚಾ ಕುಡದ ಹೋಗ್ರಿ" ಎನ್ನುತ್ತಿತ್ತು. ಗುರುಶಾಂತವ್ವನೂ ಜಾಣೆ. ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಒಳಗೆ ಕಾಲಿಡದೆ ಎದ್ದು ಬರುತ್ತಿದ್ದಳು.

ಕಾರಣ ಇಷ್ಟೇ. ಬನವಾಸಿಯಿಂದ ಶಿರಸಿಗೆ ಹೋಗುವ ರಸ್ತೆಯ ಆಚೀಚಿನ ಹಳ್ಳಿಗಳಲ್ಲಿ ಯಾವ ಮನೆಯ ಗಂಡಸು ತೀರಿಕೊಂಡರೂ, ಅವನ ಹೆಂಡತಿಯ ಕಾಲುಂಗುರ ತೆಗೆಯಲು ಕರೆ ಬರುತ್ತಿದ್ದುದು ಗುರುಶಾಂತವ್ವನಿಗೆ. ಅವಳ ಗಂಡ ಕೆರಿಯಪ್ಪ ಜ್ವರದಲ್ಲಿ ಹೋದಾಗ ಮಗ ಪವನ್ ಇನ್ನೂ ಅಂಬೆಗಾಲಿಡುತ್ತಿದ್ದ. ಆವತ್ತು ಓಣಿಯ ಸೀತಮ್ಮ ಎಂಬ ಮುದುಕಿ ಅವಳ ಕಾಲುಂಗುರಗಳನ್ನು ಇಕ್ಕಳ ಹಾಕಿ ಎಳೆದಿದ್ದಳು. ಬೆರಳಿನ ಚರ್ಮ ಸುಲಿದು ರಕ್ತ ಬಂತು. ಗಂಡ ಸತ್ತ ದುಃಖದ ನಡುವೆ ಕಾಲಿನ ಉರಿಗೆ ಅಳಬೇಕಾಯಿತಲ್ಲ, ಆ ಸಿಟ್ಟು ಗುರುಶಾಂತವ್ವನಿಗೆ ಇವತ್ತಿಗೂ ಹೋಗಿಲ್ಲ. ಮುಂದೆ ನೆರೆಮನೆಯಲ್ಲಿ ಸಾವಾದಾಗ ಅವಳೇ ಮುಂದೆ ಹೋಗಿ, ಕೊಬ್ಬರಿ ಎಣ್ಣೆ ಮತ್ತು ದಾರ ತರಿಸಿ, ಆ ಹೆಣ್ಣುಮಗಳಿಗೆ ಒಂದಿಷ್ಟೂ ನೋವಾಗದಂತೆ ಉಂಗುರ ಬಿಡಿಸಿದಳು. ಒಳ್ಳೆಯ ಕೆಲಸ ಮಾಡಿದವರನ್ನು ಊರು ಸುಮ್ಮನೆ ಬಿಡುತ್ತದೆಯೇ? ಅಂದಿನಿಂದ ಅದು ಅವಳ ಕೆಲಸವೇ ಆಯಿತು. ಸಾವಿನ ಮನೆಯಲ್ಲಿ ಅವಳಿಗೆ ಮಣೆ, ಮದುವೆ ಮನೆಯಲ್ಲಿ ಹಿತ್ತಿಲು.

ಊರಿನವರು ಅಂಜಿದ್ದು ದೊಡ್ಡದಲ್ಲ. ಎಲ್ಲರಿಗಿಂತ ಹೆಚ್ಚು ಅಂಜಿದವಳು ಗುರುಶಾಂತವ್ವನೇ. ತಾನು ಮುಟ್ಟಿದ ಕಾಲೆಲ್ಲ ವಿಧವೆಯರ ಕಾಲು ಎಂಬ ಲೆಕ್ಕ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಸಾವು ಮೊದಲು ಬರುತ್ತದೆ, ತನ್ನ ಕೈ ಆಮೇಲೆ ಹೋಗುತ್ತದೆ ಎಂದು ಬುದ್ಧಿ ಹೇಳುತ್ತಿತ್ತು. ಭಯಕ್ಕೆ ಹಿಂದುಮುಂದಿನ ಗೊಡವೆ ಇಲ್ಲ.

ಆದ್ದರಿಂದಲೇ ಪವನ್‌ನ ಮದುವೆ ಗೊತ್ತಾದಾಗ ಅವಳು ಯಾರಿಗೂ ಹೇಳದೆ ಸೊಸೆಗೆ ಕಾಲುಂಗುರ ಮಾಡಿಸಲು ಬನವಾಸಿಯ ಪತ್ತಾರನ ಅಂಗಡಿಗೆ ಹೋದಳು. ಕಾಲುಂಗುರಕ್ಕೆ ಕೆಳಗೆ ಬಾಯಿ ಬಿಟ್ಟಿರುತ್ತಾರೆ, ಬೇಕಾದಾಗ ಅಗಲಿಸಲಿಕ್ಕೆ, ಬಿಗಿ ಮಾಡಲಿಕ್ಕೆ. ಗುರುಶಾಂತವ್ವ ಆ ಬಾಯಿಯನ್ನು ಮುಚ್ಚಿಸಲು ಹೇಳಿದಳು.

"ತುದಿಗೆ ತುದಿ ಕೂಡಿಸಿ ಬೆಸುಗಿ ಹಾಕಿಬಿಡಪಾ. ಯಾರ ಕೈಲೂ ಬಿಚ್ಚಾಕ ಆಗಬಾರದು."

"ನಾಳೆ ಕಾಲು ಬಾತರ ಏನ್ ಮಾಡ್ತೀರಬೇ?" ಎಂದ ಪತ್ತಾರ.

"ಬಾಯಾಗ ಒಳ್ಳೇದು ಬರೂದಿಲ್ಲೇನ ನಿನಗ?" ಎಂದು ಗದರಿಸಿ, ಎದುರಿಗೆ ಕೂತು ಬೆಸುಗೆ ಹಾಕಿಸಿಕೊಂಡೇ ಬಂದಳು.

ಸೊಸೆ ಶಿಲ್ಪಾ ಮನೆಗೆ ಬಂದಳು. ಹುಡುಗಿ ಚುರುಕು, ಬಾಯಿಯೂ ಚುರುಕು. ಕಾಲಿಗೆ ಬೀಳಲು ಬಗ್ಗಿದರೆ ಅತ್ತೆ ಬೆಂಕಿ ಕಂಡಂತೆ ಹಿಂದೆ ಸರಿಯುತ್ತಿದ್ದಳು. ಬಸುರಿಯಾದ ಮೇಲೆ ಕಾಲು ಸೆಳೆಯುತ್ತಿದ್ದರೆ ಎದುರುಮನೆಯ ದಾಕ್ಷಾಯಿಣಿಯನ್ನು ಕರೆಸಿ ಎಣ್ಣೆ ತಿಕ್ಕಿಸುತ್ತಿದ್ದಳೇ ಹೊರತು ತಾನು ಕೈ ಹಚ್ಚುತ್ತಿರಲಿಲ್ಲ. ಅತ್ತೆಗೆ ತಾನು ಸೇರುವುದಿಲ್ಲ ಎಂದು ಶಿಲ್ಪಾ ಖಾತ್ರಿ ಮಾಡಿಕೊಂಡಿದ್ದಳು. ಗುರುಶಾಂತವ್ವನಿಗೆ ಅದು ಗೊತ್ತಿತ್ತು. ಹಾಗೆಯೇ ತಿಳಿದುಕೊಂಡಿರಲಿ, ಮಗ ಬದುಕಿದ್ದರೆ ಸಾಕು ಎಂದು ಸುಮ್ಮನಿದ್ದಳು.

ಪವನ್ ತನ್ನ ಪಿಕಪ್ಪಿನಲ್ಲಿ ಬನವಾಸಿ ಸುತ್ತಿನ ಅನಾನಸು ತುಂಬಿಕೊಂಡು ಊರೂರಿಗೆ ಹೋಗುವವನು. ಆ ಬೇಸಿಗೆಯ ದಿನ ಅವನು ಯಲ್ಲಾಪುರಕ್ಕೆ ಲೋಡು ಹೊಡೆದಿದ್ದ. ಮಧ್ಯಾಹ್ನ ಊಟವಾದ ಮೇಲೆ ಶಿಲ್ಪಾ ಹಿತ್ತಿಲಲ್ಲಿ ಒಟ್ಟಿದ್ದ ತೆಂಗಿನ ಗರಿ ಎಳೆಯಲು ಹೋದಳು. ಏಳು ತಿಂಗಳ ಬಸುರಿಗೆ ಆ ಕೆಲಸ ಯಾರೂ ಹೇಳಿರಲಿಲ್ಲ. ಗರಿಯ ಸಂದಿಯಲ್ಲಿ ಕಡಜ ಗೂಡು ಕಟ್ಟಿತ್ತು.

"ಅತ್ತೀ!" ಎಂದು ಕೂಗಿದ ದನಿಗೆ ಗುರುಶಾಂತವ್ವ ಒಲೆಯ ಮುಂದಿನಿಂದ ಓಡಿ ಬಂದಳು. ಶಿಲ್ಪಾ ಎಡಗಾಲು ಹಿಡಿದುಕೊಂಡು ಕೂತಿದ್ದಳು. ಕಾಲುಂಗುರದ ಬೆರಳಿಗೇ ಕಡಿದಿತ್ತು. ಅತ್ತೆ ಸುಣ್ಣದ ಡಬ್ಬಿಯನ್ನು ಸೊಸೆಯ ಪಕ್ಕಕ್ಕೆ ಇಟ್ಟು, "ಹಚ್ಚಿಕೊ" ಎಂದು ದೂರ ನಿಂತಳು.

ಸುಣ್ಣಕ್ಕೆ ಬಾವು ಬಗ್ಗಲಿಲ್ಲ. ನೋಡನೋಡುತ್ತ ಬೆರಳು ಊದಿ, ಉಂಗುರ ಮಾಂಸದೊಳಗೆ ಹೂತುಹೋಯಿತು. ಮೊದಲು ಕೆಂಪಗಿದ್ದ ತುದಿ ನೀಲಿಗೆ ತಿರುಗಿತು. ಸದ್ದು ಕೇಳಿ ದಾಕ್ಷಾಯಿಣಿ ಬಂದಳು, ಹಿಂದೆಯೇ ಅವಳ ಗಂಡ ಚಂದ್ರಶೇಖರಪ್ಪ ಕೈಯಲ್ಲಿ ಕಟಿಂಗ್ ಪ್ಲೇಯರ್ ಹಿಡಿದು ಬಂದ. ಪ್ಲೇಯರಿನ ಮೂತಿ ತೂರಿಸಲು ಉಂಗುರ ಕಂಡರೆ ತಾನೆ? ಬಾಯಿ ಬಿಟ್ಟ ಉಂಗುರವಾಗಿದ್ದರೆ ಬಾವಿನ ಒತ್ತಡಕ್ಕೇ ತುಸು ಅಗಲಿಸುತ್ತಿತ್ತು.

"ಇದರ ಬಾಯಿ ಎಲ್ಲೈತಿ?" ಎಂದು ಚಂದ್ರಶೇಖರಪ್ಪ ಬೆರಳಿನ ಸುತ್ತ ಹುಡುಕಿದ. "ಬೆಸುಗಿ ಹಾಕ್ಯಾರಲ್ಲ! ಯಾವ ಶಾಣ್ಯಾ ಮಾಡಿದ ಕೆಲಸ ಇದು?"

ಮಾಡಿದ್ದುಣ್ಣೋ ಮಹಾರಾಯ. ಗುರುಶಾಂತವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಚಂದ್ರಶೇಖರಪ್ಪ ಆಟೋಕ್ಕೆ ಫೋನು ಹಚ್ಚಿದ. ಊರಿನ ಆಟೋ ಸಿದ್ದಾಪುರಕ್ಕೆ ಮದುವೆಯವರನ್ನು ಕರೆದುಕೊಂಡು ಹೋಗಿತ್ತು. "ಬನವಾಸಿಯಿಂದ ಬ್ಯಾರೇದ್ದು ಬರಾಕ ಹೇಳೀನಿ. ಅಲ್ಲೀತನಕ ತಡೀಬೇಕು" ಎಂದು ರಸ್ತೆಯ ಕಡೆ ನಡೆದ.

"ನನಗ ಬೆರಳು ಇದ್ದಂಗ ಅನಸವಲ್ದು" ಎಂದಳು ಶಿಲ್ಪಾ. ಅಷ್ಟು ಹೊತ್ತು ನೋವೆಂದು ಅಳುತ್ತಿದ್ದವಳು ಅಳು ನಿಲ್ಲಿಸಿ ಹಾಗೆ ಹೇಳಿದ್ದು ಇನ್ನೂ ಹೆಚ್ಚು ಹೆದರಿಸಿತು.

ಗುರುಶಾಂತವ್ವ ಬಾಗಿಲಿನಿಂದಲೇ ದಾಕ್ಷಾಯಿಣಿಗೆ ಹೇಳಿಕೊಟ್ಟಳು. ದಾರದ ಒಂದು ತುದಿಯನ್ನು ಸೂಜಿಯ ಹಿಂಬದಿಯಿಂದ ಉಂಗುರದ ಕೆಳಗೆ ತೂರಿಸಬೇಕು. ಉಳಿದ ದಾರವನ್ನು ಉಂಗುರದಿಂದ ಬೆರಳ ತುದಿಯವರೆಗೆ ಒತ್ತೊತ್ತಾಗಿ ಸುತ್ತಿ ಬಾವನ್ನು ಅಮುಕಬೇಕು. ಆಮೇಲೆ ತೂರಿಸಿದ ತುದಿ ಹಿಡಿದು ಬಿಚ್ಚುತ್ತ ಬಂದರೆ ದಾರದ ಮೇಲೆಯೇ ಉಂಗುರ ಜಾರುತ್ತ ಹೊರಗೆ ಬರುತ್ತದೆ. ದಾಕ್ಷಾಯಿಣಿ ಸುತ್ತಿದಳು. ಕೈ ನಡುಗಿ ಸುತ್ತು ಸಡಿಲಾಯಿತು, ಎಳೆದಾಗ ದಾರ ಹರಿಯಿತು. ಶಿಲ್ಪಾ ಕಿರುಚಿದಳು. ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ಬಂದಿತ್ತು.

"ನನ್ನ ಕೈಲಿ ಆಗೂದಿಲ್ರಿ ಯಕ್ಕಾ" ಎಂದು ದಾಕ್ಷಾಯಿಣಿ ದಾರ ಕೆಳಗಿಟ್ಟಳು. ಗುರುಶಾಂತವ್ವನ ಮುಖ ನೋಡಿದಳು, ಮತ್ತೆ ನೆಲ ನೋಡಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಈ ಕೆಲಸ ಯಾರಿಗೆ ಬರುತ್ತದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಶಿಲ್ಪಾಳನ್ನು ಬಿಟ್ಟು.

"ಅತ್ತೀ, ನೀವ ತಗೀರಿ."

"ನನ್ನಿಂದ ಆಗೂದಿಲ್ಲ."

"ನಿಮಗ ಬರತೈತಿ ಅಂತ ಊರಿಗೇ ಗೊತ್ತೈತಿ."

"ಅದಕ್ಕ ಆಗೂದಿಲ್ಲ ಅಂತ ಹೇಳಾಕತ್ತೀನಿ!"

ಶಿಲ್ಪಾಳ ಕಣ್ಣು ತುಂಬಿತು. "ನಾ ನಿಮಗ ಮೊದಲಿಂದನೂ ಸೇರೂದಿಲ್ಲ. ಕಾಲಿಗೆ ಬೀಳಾಕ ಬಂದ್ರೂ ಸರದ ನಿಂದರ್ತೀರಿ. ಈಗ ನನ್ನ ಬೆರಳು ಹೋದ್ರೂ ನಡೀತೈತಿ ನಿಮಗ."

ಇಷ್ಟು ದಿನ ಅದುಮಿಟ್ಟ ಮಾತು ಗುರುಶಾಂತವ್ವನ ಬಾಯಿಂದ ಹೊರಬಿತ್ತು. "ನಾ ಮುಟ್ಟಿದ ಒಂದು ಕಾಲೂ ಮುತ್ತೈದಿ ಕಾಲಾಗಿ ಉಳದಿಲ್ಲವಾ! ನಿನ್ನ ಕಾಲಿಂದ ಇದನ್ನ ತಗದ್ರ ಹೋಗಾಂವ ಯಾರು? ನನ್ನ ಮಗ! ಹೊತ್ತ ಹೆತ್ತ ಮಗ ರಸ್ತೆ ಮ್ಯಾಲ ಅದಾನ. ನಾ ಹೆಂಗ ತಗೀಲಿ?"

ಶಿಲ್ಪಾ ಅತ್ತೆಯನ್ನು ಹೊಸಬಳನ್ನು ನೋಡುವಂತೆ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು ನಿಧಾನ ಹೇಳಿದಳು.

"ಅವರ ಮದವಿ ಉಂಗುರ ಯುಗಾದಿ ಮುಂದ ಕಳದಿತ್ರಿ. ಲೋಡ್ ಮಾಡೂವಾಗ ಬಿಚ್ಚಿಟ್ಟಿದ್ರಂತ, ಸಿಗಲೇ ಇಲ್ಲ. ನೀವು ಅಂಜ್ತೀರಿ ಅಂತ ನಾವಿಬ್ರೂ ಹೇಳಿಲ್ಲ. ಅವರ ಉಂಗುರ ಹೋದಾಗ ನನಗೇನಾತು ಹೇಳ್ರಿ? ನಂದು ತಗದ್ರ ಅವರಿಗೆ ಯಾಕ ಆಗತೈತಿ?"

ಮಾತೇನೋ ನೆಟ್ಟಗೇ ಇತ್ತು. ಆದರೆ ಗುರುಶಾಂತವ್ವನ ಕಣ್ಣು ಆ ಊದಿದ ಬೆರಳಿನ ಮೇಲೆ ಹೋಯಿತು, ಅಲ್ಲಿಂದ ಸೊಸೆಯ ಹೊಟ್ಟೆಯ ಮೇಲೆ ಹೋಯಿತು.

"ನಿನಗ ಈಗ ಆಗಾಕತ್ತೈತಲ್ಲವಾ ಮತ್ತ" ಎಂದಳು.

ಅತ್ತ ದರಿ, ಇತ್ತ ಪುಲಿ. ಅವಳು ಮಗನಿಗೆ ಫೋನು ಹಚ್ಚಿದಳು. ಒಮ್ಮೆ ಅವನ ದನಿ ಕೇಳಿದರೆ ಸಾಕು, "ಎಲ್ಲೆರ ಗಾಡಿ ನಿಂದ್ರಿಸಿ ಕೆಳಗ ಇಳದ ಕುಂದರು" ಎಂದು ಹೇಳಿ, ಆಮೇಲೆ ಉಂಗುರಕ್ಕೆ ಕೈ ಹಾಕಬಹುದು. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಒಂದು ಹೆಣ್ಣು ದನಿ ಹೇಳಿತು. ಮತ್ತೆ ಹಚ್ಚಿದಳು. ಮತ್ತೆ ಅದೇ ದನಿ. ದಿನವೂ ಕೇಳುವ ಮಾತು ಆವತ್ತು ಸಾವಿನ ಸುದ್ದಿಯ ಹಾಗೆ ಕೇಳಿಸಿತು.

"ಅತ್ತೀ" ಎಂದಳು ಶಿಲ್ಪಾ. ಬೆರಳ ತುದಿ ಕಪ್ಪಾಗುತ್ತಿತ್ತು.

ಗುರುಶಾಂತವ್ವ ಫೋನು ಬದಿಗಿಟ್ಟು ಸೊಸೆಯ ಮುಂದೆ ಕೂತಳು. ಹೊಸ ದಾರ ಕೇಳಿದಳು, ಎಣ್ಣೆ ಕೇಳಿದಳು. ಆ ಕಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಮದುವೆಯಾಗಿ ಬಂದಮೇಲೆ ಆ ಕಾಲನ್ನು ಅವಳು ಮುಟ್ಟಿದ್ದು ಅದೇ ಮೊದಲು. ಬಿಸಿಯಾಗಿತ್ತು. ಅವಳಿಗೆ ಗೊತ್ತಿದ್ದ ಕಾಲುಗಳೆಲ್ಲ ತಣ್ಣಗಿರುತ್ತಿದ್ದವು. ಅತ್ತು ಅತ್ತು, ತಣ್ಣೀರು ಹಾಕಿಸಿಕೊಂಡು ಕೂತವರ ಕಾಲು ಅವು.

ಎಷ್ಟು ಅಂಜಿದರೂ ಕೈ ಮಾತ್ರ ನಡುಗಲಿಲ್ಲ. ಕೈಗೆ ತನ್ನ ಕೆಲಸ ಗೊತ್ತಿತ್ತು, ಅದಕ್ಕೇ ಅವಳಿಗೆ ಇನ್ನೂ ಭಯವಾಯಿತು. ಸೂಜಿ ತೂರಿತು, ದಾರ ಸುತ್ತಿತು, ಶಿಲ್ಪಾ ಸೆರಗು ಕಚ್ಚಿಕೊಂಡಳು. ಉಂಗುರ ಮಿಸುಕಾಡಿತು, ಗೆಣ್ಣಿನ ಬಳಿ ಒಮ್ಮೆ ಹಟಮಾಡಿ ನಿಂತಿತು, ಆಮೇಲೆ ಜಾರಿ ಗುರುಶಾಂತವ್ವನ ಅಂಗೈಗೆ ಬಿತ್ತು.

"ಆತವ್ವಾ, ಇನ್ನ..." ಎಂದು ನಾಲಗೆ ತಾನಾಗಿ ಹೊರಳಿತು. ಪ್ರತಿ ಸಾವಿನ ಮನೆಯಲ್ಲಿ ಉಂಗುರ ಕಳಚಿದ ಮೇಲೆ ಅವಳು ಹೇಳುತ್ತಿದ್ದ ಮಾತದು, "ಆತವ್ವಾ, ಇನ್ನ ಮನಸ್ಸು ಗಟ್ಟಿ ಮಾಡ್ಕೋ." ಅರ್ಧಕ್ಕೇ ನಾಲಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಕೈ ಇನ್ನೊಂದು ಅನಾಹುತಕ್ಕೆ ಹೊರಟಿತ್ತು. ಎಡಗಾಲಿನದು ಮುಗಿದ ಮೇಲೆ ಬಲಗಾಲಿಗೆ ಹೋಗುವುದು ಅದರ ರೂಢಿ. ಶಿಲ್ಪಾಳ ಬಲಗಾಲಿನ ಬೆರಳು ಹಿಡಿದದ್ದು ಕಂಡು ಗುರುಶಾಂತವ್ವ ಚೀರಿ ಕೈ ಹಿಂದಕ್ಕೆ ಎಳೆದುಕೊಂಡಳು.

ಬೆರಳಿಗೆ ನಿಧಾನವಾಗಿ ಕೆಂಪು ಬಣ್ಣ ಮರಳಿತು. ದಾಕ್ಷಾಯಿಣಿ ಪಾಪ, ಕಾಲು ತೊಳೆಯಲೆಂದು ಬಟ್ಟಲಲ್ಲಿ ನೀರು ತಂದಳು. ಸಾವಿನ ಮನೆಯಲ್ಲಿ ತೆಗೆದ ಉಂಗುರವನ್ನು ನೀರಿನ ಬಟ್ಟಲಿಗೆ ಹಾಕುತ್ತಾರೆ. "ನೀರು ತರಬ್ಯಾಡ! ಅತ್ತಾಗ ಒಯ್ಯಿ!" ಎಂದು ಗುರುಶಾಂತವ್ವ ಕೂಗಿದ ರಭಸಕ್ಕೆ ಬಟ್ಟಲು ದಾಕ್ಷಾಯಿಣಿಯ ಕೈಯಿಂದ ಬಿದ್ದು ನೀರೆಲ್ಲ ಚೆಲ್ಲಿತು. ಉಂಗುರವನ್ನು ಎಲ್ಲಿಡಬೇಕು? ನೆಲಕ್ಕೆ ಇಡಬಾರದು, ನೀರಿಗೆ ಹಾಕಬಾರದು, ಬೇರೆಯವರ ಕೈಗೆ ಕೊಡಬಾರದು. ಅವಳು ಮುಷ್ಟಿ ಕಟ್ಟಿಕೊಂಡಳು.

ಆಟೋ ಬಂತು. ಬಸುರಿ ಹೆಂಗಸಿಗೆ ಕಡಜ ಕಡಿದದ್ದು, ಡಾಕ್ಟರಿಗೆ ತೋರಿಸಿಯೇ ಬರಬೇಕೆಂದು ಚಂದ್ರಶೇಖರಪ್ಪ ಮತ್ತು ದಾಕ್ಷಾಯಿಣಿ ಶಿಲ್ಪಾಳನ್ನು ಕರೆದುಕೊಂಡು ಹೋದರು. ಗುರುಶಾಂತವ್ವ ಕಟ್ಟೆಯ ಮೇಲೆ ಒಬ್ಬಳೇ ಉಳಿದಳು. ಎಡಗೈಯಲ್ಲಿ ಫೋನು, ಬಲಮುಷ್ಟಿಯಲ್ಲಿ ಉಂಗುರ.

ಅನಾನಸು ಇಳಿಸಿ ಮಧ್ಯಾಹ್ನವೇ ಹೊರಡುತ್ತೇನೆ ಎಂದಿದ್ದ ಪವನ್. ಬಿಸಿಲು ಎದುರುಮನೆಯ ಹಂಚಿನಿಂದ ಕೆಳಗಿಳಿದು ಓಣಿ ದಾಟಿತು. ರಸ್ತೆಯಲ್ಲಿ ಬಂದ ಒಂದೊಂದು ಗಾಡಿಯ ಸದ್ದಿಗೂ ಅವಳು ಎದ್ದು ನಿಂತಳು, ಕೂತಳು. ದೇವರೇ, ನನ್ನ ಕೈ ತಗೊಂಡುಬಿಡು, ಅವನನ್ನು ಬಿಡು ಎಂದು ಬೇಡಿದಳು. ಬೇಡುತ್ತಿದ್ದಂತೆಯೇ ಫೋನು ಹೊಡೆದುಕೊಂಡಿತು.

ಗೊತ್ತಿಲ್ಲದ ನಂಬರು. ಗೊತ್ತಿಲ್ಲದ ಗಂಡಸಿನ ದನಿ. "ಗುರುಶಾಂತಕ್ಕಾರೇನ್ರಿ? ನೀವು ಒಂದ ಸ್ವಲ್ಪ ಬರಬೇಕಾಗಿತ್ತಲ್ರಿ."

ಸಾವಿನ ಕರೆಗಳೆಲ್ಲ ಹೀಗೇ ಶುರುವಾಗುತ್ತಿದ್ದವು. ಸತ್ತವರ ಹೆಸರು ಯಾರೂ ಮೊದಲಿಗೆ ಹೇಳುವುದಿಲ್ಲ.

"ಯಾರು?" ಎಂದಳು. "ಯಾರು ಅಂತ ಮೊದಲ ಹೇಳ್ರಿ!"

"ನಮ್ಮ ದೊಡ್ಡಪ್ಪರಿ, ಶಂಭುಲಿಂಗಪ್ಪ. ಭಾಳ ದಿನಾ ಆಗಿತ್ತು ಹಾಸಿಗಿ ಹಿಡದು. ಈಗ ಹೋದ್ರು."

ಯಾರದೋ ಮನೆಯ ಸಾವು ಕೇಳಿ ಹೋದ ಜೀವ ಬಂದಂತಾಯಿತು. ಹಾಗಾಯಿತಲ್ಲ ಎಂದು ನಾಚಿಕೆಯಾಯಿತು. ನಾಚಿಕೆ ಆರುವ ಮೊದಲೇ ಭಯ ಮತ್ತೆ ಬಂದು ಎದೆಯ ಮೇಲೆ ಕೂತಿತು.

"ಇವತ್ತ ಬರಾಕ ಆಗೂದಿಲ್ಲಪಾ" ಎಂದಳು. "ಕೈ ತೆರವಿಲ್ಲ. ದಾರಾ ಸುತ್ತಿ ತಗೀರಿ, ಇಕ್ಕಳಾ ಮಾತ್ರ ಹಾಕಬ್ಯಾಡ್ರಿ ಆ ಮುದಿಕಿಗೆ."

ದೀಪ ಹಚ್ಚುವ ಹೊತ್ತಿಗೆ ಪಿಕಪ್ಪು ಓಣಿಯ ಬಾಯಿಗೆ ಬಂತು. ಆಸ್ಪತ್ರೆಯಿಂದ ಹೊರಟ ಶಿಲ್ಪಾ ಅವನಿಗೆ ಶಿರಸಿಯಲ್ಲೇ ಸಿಕ್ಕಿದ್ದಳು. ಆಟೋ ಬಿಟ್ಟು ಪಿಕಪ್ಪು ಹತ್ತಿ ಮೂವರೂ ಅವನೊಂದಿಗೇ ಬಂದಿದ್ದರು. ಮಗ ಇಳಿದು ನಡೆದು ಬರುವುದನ್ನು ಗುರುಶಾಂತವ್ವ ನೋಡಿದಳು. ಕಾಲು ಎರಡೂ ಇದ್ದವು, ಕೈ ಎರಡೂ ಇದ್ದವು, ನಗು ಕೂಡ ಇತ್ತು. ಎದ್ದು ಹೋಗಿ ಅಪ್ಪಿಕೊಳ್ಳಬೇಕೆಂದುಕೊಂಡಳು. ಕೂತಲ್ಲಿಂದಲೇ ಬಾಯಿಗೆ ಬಂದಂತೆ ಬಯ್ದಳು.

"ಎಲ್ಲಿ ಹಾಳಾಗಿ ಹೋಗಿದ್ದಿ? ಫೋನು ಎದಕ್ಕ ಇಟಗೊಂಡೀ, ಪೂಜಾ ಮಾಡಾಕೇನ?"

"ಚಂದಗುಳಿ ಗಂಟಿ ಗಣಪ್ಪನ ಗುಡಿಗೆ ಹೋಗಿದ್ದೆ ಯವ್ವಾ. ಆ ಕಾಡಿನಾಗ ನೆಟವರ್ಕ ಎಲ್ಲೈತಿ?" ಪವನ್ ಬಲಗೈ ಚಾಚಿದ. ಕಳೆದಿದ್ದ ಮದುವೆಯ ಉಂಗುರ ಬೆರಳಲ್ಲಿತ್ತು. "ಸಿಕ್ಕರ ಗಂಟಿ ಕಟ್ಟತೀನಂತ ಹರಕಿ ಹೊತ್ತಿದ್ದೆ. ಇವತ್ತ ಲೋಡ್ ಇಳಿಸಿ ಗಾಡಿ ತಾಡಪತ್ರಿ ಝಾಡಿಸಿದ್ರ ಮಡಿಕ್ಯಾಗಿಂದ ಬಿತ್ತು. ಕಳದೈತಿ ಅಂತ ನಿನಗ ಹೇಳಿದ್ರ ನೀ ಊಟಾ ಬಿಡತಿದ್ದಿ."

ಇವನ ಉಂಗುರ ಬೆರಳಿಂದ ಹೋಗಿ, ತಾಡಪತ್ರಿಯ ಮಡಿಕೆಯಲ್ಲಿ ಊರೂರು ತಿರುಗಿ, ಬೆರಳಿಗೆ ವಾಪಸು ಬಂದಿತ್ತು. ಒಂದು ಗಂಟೆ ಕಟ್ಟಿ ಕೈ ತೊಳೆದುಕೊಂಡ. ಗಂಡಸಿನ ಉಂಗುರದ ಹಾದಿಯೇ ಬೇರೆ ಎಂದುಕೊಂಡಳು ಗುರುಶಾಂತವ್ವ. ಮುಷ್ಟಿ ಬಿಚ್ಚಲು ನೋಡಿದಳು, ಬೆರಳುಗಳು ಮರಗಟ್ಟಿದ್ದವು. ಶಿಲ್ಪಾ ಕುಂಟುತ್ತ ಬಂದು ಪಕ್ಕದಲ್ಲಿ ಕೂತು, ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅಂಗೈಯಲ್ಲಿ ಉಂಗುರದ ಗುರುತು ಕೆಂಪಗೆ ಮೂಡಿತ್ತು.

ಬಾವು ಪೂರ್ತಿ ಇಳಿದ ಮೇಲೆ ಗುರುಶಾಂತವ್ವನೇ ಎರಡೂ ಕಾಲುಂಗುರಗಳನ್ನು ಪತ್ತಾರನ ಹತ್ತಿರ ಒಯ್ದಳು. ಬಲಗಾಲಿನದನ್ನು ಶಿಲ್ಪಾ ತಾನೇ ಸೋಪು ಹಚ್ಚಿ ತೆಗೆದುಕೊಟ್ಟಿದ್ದಳು. ಬೆಸುಗೆ ಕತ್ತರಿಸುವಾಗ ಪತ್ತಾರ ಏನೋ ಹೇಳಲು ಬಾಯಿ ತೆರೆದ. "ಗೊತ್ತೈತಿ, ನೀ ಹೇಳಿದ್ದಿ. ಕೆಲಸಾ ಮಾಡು" ಎಂದು ಅವನ ಬಾಯಿ ಮುಚ್ಚಿಸಿದಳು.

ಮನೆಗೆ ಬಂದು ದಾಕ್ಷಾಯಿಣಿಯನ್ನು ಕೂಗಿ ಕರೆದಳು. "ಬಾರವಾ, ಇವಳಿಗೆ ಕಾಲುಂಗುರ ಇಟ್ಟು ಹೋಗು."

"ದಾಕ್ಷಾಯಿಣಕ್ಕ ಬ್ಯಾಡ" ಎಂದಳು ಶಿಲ್ಪಾ. ಓಣಿಯ ಮಂದಿ ಓಡಾಡುತ್ತಿದ್ದ ಹೊತ್ತಲ್ಲಿ ಕಟ್ಟೆಯ ಮೇಲೆ ಕೂತು ಎರಡೂ ಕಾಲು ಅತ್ತೆಯ ಮುಂದೆ ಚಾಚಿದಳು. "ತಗದವರ ಹಾಕ್ರಿ."

"ನನಗ ತಗ್ಯಾಕ ಅಷ್ಟ ಬರತೈತಿ. ಹಾಕಿ ಗೊತ್ತಿಲ್ಲವಾ."

"ನಂಗೂ ಹಡದು ಗೊತ್ತಿಲ್ರಿ. ಆಷಾಢ ಕಳದ ಮ್ಯಾಲ ಹಡೀಬೇಕು, ಏನ್ ಮಾಡ್ತೀರಿ?"

ಎದುರುಮನೆಯ ಬಾಗಿಲಲ್ಲಿ ನಿಂತ ದಾಕ್ಷಾಯಿಣಿ ಮುಸಿಮುಸಿ ನಕ್ಕಳು. ನೀರಿಗೆ ಹೋಗುತ್ತಿದ್ದ ಹೆಂಗಸರಿಬ್ಬರು ಕೊಡ ಸೊಂಟಕ್ಕಿಟ್ಟು ನಿಂತೇಬಿಟ್ಟರು. ಗುರುಶಾಂತವ್ವ ಎಡಗಾಲನ್ನು ತೊಡೆಯ ಮೇಲೆ ಎಳೆದುಕೊಂಡಳು. ಆವತ್ತು ಒಂದಿಷ್ಟೂ ಅದುರದ ಕೈ ಈಗ ಗಡಗಡ ನಡುಗುತ್ತಿತ್ತು. ಹಾಕುವುದು ಅದಕ್ಕೆ ಹೊಸ ಕೆಲಸ. ಒಮ್ಮೆ ಉಂಗುರ ಜಾರಿ ಕಟ್ಟೆಯ ಕೆಳಗೆ ಬಿತ್ತು. ಅವಳ ಮುಖ ಬಿಳಿಚಿಕೊಂಡಿತು. ಶಿಲ್ಪಾ ಬಗ್ಗಿ ಹೆಕ್ಕಿ, ಸೀರೆಗೆ ಒರೆಸಿ, ಮತ್ತೆ ಅವಳ ಕೈಗೇ ಕೊಟ್ಟಳು.

ಎರಡೂ ಕಾಲಿಗೆ ಹಾಕಿ ಮುಗಿದ ಮೇಲೆ ಗುರುಶಾಂತವ್ವ ಬೆವರು ಒರೆಸಿಕೊಂಡು ಕೇಳಿದಳು. "ಬಿಗಿ ಆತೇನ?"

ಶಿಲ್ಪಾ ಬೆರಳು ಅಲ್ಲಾಡಿಸಿ ನೋಡಿದಳು. "ಸಡಲ ಐತ್ರಿ. ಒಂದೀಟು ಒತ್ತರಿ."

ಗುರುಶಾಂತವ್ವ ಉಂಗುರದ ತೆರೆದ ಬಾಯಿಯ ಮೇಲೆ ಹೆಬ್ಬೆರಳಿಟ್ಟಳು. ತುಸು ಹೊತ್ತು ಹಾಗೇ ಇಟ್ಟುಕೊಂಡು ಕೂತು, ಒತ್ತದೆ ಕೈ ತೆಗೆದಳು.

"ಇರ್ಲಿ. ಸಡಲ ಇರ್ಲಿ."

"ಕಳದ್ರ?"

"ಕಳದ್ರ ಹುಡುಕೂಣು" ಎಂದಳು.